ಮಗುವಿಗೆ ಪದೇ ಪದೇ ಸೋಂಕು: ರಕ್ತದ ವರದಿಯಲ್ಲಿ ಏನು ನೋಡಬೇಕು?

ಚಿಕ್ಕ ಮಕ್ಕಳಿಗೆ ಆಗಾಗ ನೆಗಡಿ, ಕೆಮ್ಮು ಬರುವುದು ಸಹಜ. ಆದರೆ ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಸಲ ಕಿವಿಯ ಸೋಂಕು, ಎರಡು ತಿಂಗಳು ಆ್ಯಂಟಿಬಯೋಟಿಕ್ ಕೊಟ್ಟರೂ ಗುಣ ಕಾಣದಿರುವುದು, ತೂಕ ಏರದಿರುವುದು ಸಹಜವಲ್ಲ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇದೆಯೇ ಎಂದು ವೈದ್ಯರನ್ನು ಆಗ ಕೇಳಲೇಬೇಕು. ಇಂಥ 400ಕ್ಕೂ ಹೆಚ್ಚು ಆನುವಂಶಿಕ ಕಾಯಿಲೆಗಳಿವೆ.

ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಸೋಂಕು, ಯಾವ ವಯಸ್ಸಿನಲ್ಲಿ, ಯಾವ ಔಷಧ, ಎಷ್ಟು ದಿನ. ವಯಸ್ಸೇ ದೊಡ್ಡ ಸುಳಿವು. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಐಜಿಜಿ ಎಂಬ ಪ್ರತಿಕಾಯ (ರೋಗಾಣುಗಳನ್ನು ಎದುರಿಸುವ ರಕ್ತದ ಪ್ರೋಟೀನ್) ಮೊದಲ ಕೆಲವು ತಿಂಗಳು ಮಗುವನ್ನು ಕಾಯುತ್ತದೆ. ಅದು ಕರಗಿದ ಮೇಲೆ, ಸುಮಾರು ಆರು ತಿಂಗಳ ನಂತರ, ಸೋಂಕು ಸಾಲುಗಟ್ಟಿದರೆ ಮಗು ಸ್ವಂತ ಪ್ರತಿಕಾಯ ತಯಾರಿಸುತ್ತಿಲ್ಲವೆಂಬ ಅನುಮಾನ. 1952ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಆಗ್ಡನ್ ಬ್ರೂಟನ್ ವಿವರಿಸಿದ ಕಾಯಿಲೆ ಈ ಬಗೆಯದು. ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಸಾಮಾನ್ಯವಾಗಿ ಗಂಡುಮಕ್ಕಳನ್ನೇ ಕಾಡುತ್ತದೆ. ತಾಯಿಯ ಸೋದರರು ಎಳವೆಯಲ್ಲೇ ತೀರಿಕೊಂಡಿದ್ದರೆ ಅದನ್ನೂ ಬರೆಯಿರಿ.

ಎರಡನೆಯದು, ಕೈಯಲ್ಲಿರುವ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ವರದಿ. ಒಟ್ಟು ಬಿಳಿ ರಕ್ತಕಣ (ಒಂದು ಮೈಕ್ರೋಲೀಟರ್ ರಕ್ತದಲ್ಲಿ) 6,000, ಅವುಗಳಲ್ಲೇ ಒಂದು ಬಗೆಯಾದ ಲಿಂಫೋಸೈಟ್ ಶೇ 20 ಎಂದಿದ್ದರೆ, ಲಿಂಫೋಸೈಟ್ ಎಷ್ಟೆಂದು ಲೆಕ್ಕ ಹಾಕಿ: 1,200. ದೊಡ್ಡವರಿಗೆ ಇದು ಸರಿಯಾದ ಸಂಖ್ಯೆ. ಹಾಲುಗೂಸಿಗೆ 3,000ಕ್ಕಿಂತ ಕಡಿಮೆ ಇದ್ದರೆ ಅಪಾಯದ ಗಂಟೆ. ವರದಿಯ ಬದಿಯಲ್ಲಿ ದೊಡ್ಡವರ ಮಿತಿಯನ್ನೇ ಮುದ್ರಿಸಿದ್ದರೆ ಈ ಸಂಖ್ಯೆಗೆ ಯಾವ ಗುರುತೂ ಬೀಳುವುದಿಲ್ಲ, ಕಾಯಿಲೆ ಅಲ್ಲೇ ಕಣ್ತಪ್ಪುತ್ತದೆ. ಹೀಗೆ ಕಣ್ತಪ್ಪಬಹುದಾದ ತೀವ್ರ ಸಂಯುಕ್ತ ರೋಗನಿರೋಧಕ ಕೊರತೆ, ಅಂದರೆ ಎಸ್‌ಸಿಐಡಿ, ಇರುವ ಮಗುವಿಗೆ ಪ್ರತಿ ವಾರವೂ ಅಮೂಲ್ಯ. ಮೂರೂವರೆ ತಿಂಗಳೊಳಗೆ, ಸೋಂಕು ತಗಲುವ ಮುನ್ನ, ಅಸ್ಥಿಮಜ್ಜೆಯ ಆಕರಕೋಶಗಳ ಕಸಿ ಆದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ಅನುಮಾನ ಬಂದ ದಿನದಿಂದಲೇ ಬಿಸಿಜಿ, ರೋಟಾವೈರಸ್, ಬಾಯಿಯ ಪೋಲಿಯೊ ಹನಿಯಂಥ ಜೀವಂತ ಲಸಿಕೆಗಳನ್ನು ತಡೆಹಿಡಿಯಬೇಕು. ರಕ್ತ ಕೊಡಬೇಕಾದರೆ ವಿಕಿರಣ ಹಾಯಿಸಿದ ರಕ್ತವನ್ನೇ ಕೊಡಬೇಕು.

ಮುಂದಿನ ಪರೀಕ್ಷೆಗಳು: ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳ ಪ್ರಮಾಣ, ಫ್ಲೋ ಸೈಟೋಮೆಟ್ರಿಯಲ್ಲಿ (ಕಣಗಳನ್ನು ಬಗೆ ಬಗೆಯಾಗಿ ಎಣಿಸುವ ಯಂತ್ರಪರೀಕ್ಷೆ) ಟಿ, ಬಿ ಎಂಬ ಲಿಂಫೋಸೈಟ್‌ಗಳ ಎಣಿಕೆ, ಜೀನ್ ಪರೀಕ್ಷೆ. ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆ, ಅಂದರೆ ದಾನಿಗಳ ಪ್ರತಿಕಾಯವನ್ನು ಮಗುವಿಗೆ ಕೊಡುವುದು, ಶುರುವಾಗುವ ಮೊದಲೇ ಪ್ರತಿಕಾಯದ ಮಾದರಿ ತೆಗೆದಿರಬೇಕು. ಒಮ್ಮೆ ಬಾಟಲಿ ಏರಿಸಿದರೆ ವಾರಗಟ್ಟಲೆ ವರದಿಯಲ್ಲಿ ಕಾಣುವುದು ದಾನಿಗಳ ಪ್ರತಿಕಾಯವೇ.

ಈ ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆಯ ಲೆಕ್ಕ ಹೀಗೆ. ರಕ್ತನಾಳದ ಮೂಲಕವಾದರೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 400ರಿಂದ 600 ಮಿಲಿಗ್ರಾಂ, ಮೂರು-ನಾಲ್ಕು ವಾರಕ್ಕೊಮ್ಮೆ. 10 ಕಿಲೋ ಮಗುವಿಗೆ 4ರಿಂದ 6 ಗ್ರಾಂ. ಐಜಿಜಿ ಸುಮಾರು ಮೂರು ವಾರಕ್ಕೆ ಅರ್ಧಕ್ಕಿಳಿಯುವುದರಿಂದ ಈ ಅಂತರ. ಚರ್ಮದಡಿ ಕೊಡುವುದಾದರೆ ಅದೇ ಪ್ರಮಾಣವನ್ನು ವಾರವಾರಕ್ಕೆ ಹಂಚುತ್ತಾರೆ. ತರಬೇತಿ ಪಡೆದು ಮನೆಯಲ್ಲೇ ಕೊಡಬಹುದು. ಫ್ರಿಜ್‌ನಿಂದ ತೆಗೆದ ಬಾಟಲಿ ತಾನಾಗಿ ಕೋಣೆಯ ಉಷ್ಣಾಂಶಕ್ಕೆ ಬರಲಿ. ಬಿಸಿ ಮಾಡಬೇಡಿ, ಅಲುಗಾಡಿಸಬೇಡಿ. ನೊರೆ ಬರುತ್ತದೆ, ಪ್ರೋಟೀನ್ ಕೆಡುತ್ತದೆ. ದ್ರವ ಮಸುಕಾಗಿದ್ದರೆ ಬಳಸಬೇಡಿ. ರಕ್ತನಾಳಕ್ಕೆ ಕೊಡುವಾಗ ಚಳಿನಡುಕ, ತಲೆನೋವು ಬಂದರೆ ಹೆಚ್ಚಾಗಿ ವೇಗವೇ ಕಾರಣ, ನರ್ಸ್‌ಗೆ ತಕ್ಷಣ ಹೇಳಿ. ಪ್ರತಿ ಬಾಟಲಿಯ ಬ್ಯಾಚ್ ಸಂಖ್ಯೆ, ದಿನಾಂಕವನ್ನು ಅದೇ ಹಾಳೆಯಲ್ಲಿ ಬರೆದಿಡಿ. ಮುಂದಿನ ಡೋಸ್‌ಗೆ ತುಸು ಮೊದಲು ಐಜಿಜಿ ಅಳೆಸಿ, ಪ್ರಮಾಣ ಸಾಲುತ್ತಿದೆಯೇ ಎಂದು ವೈದ್ಯರು ತೀರ್ಮಾನಿಸುವುದು ಆ ಸಂಖ್ಯೆ ಮತ್ತು ನಡುವೆ ಬಂದ ಸೋಂಕುಗಳ ಲೆಕ್ಕ ನೋಡಿಯೇ.