ಅಟ್ಟದ ತೊಟ್ಟಿಲು ಕೆಳಗಿಳಿದ ಕಥೆ
ಅಟ್ಟದಲ್ಲಿದ್ದ ಸಾಗುವಾನಿ ತೊಟ್ಟಿಲಿಗೆ ಯಾರೋ ಹಸಿರು ಪೇಂಟ್ ಬಳಿದಿದ್ದರು. ಹಾಲ್‌ನಲ್ಲೇ ಕೂತು ಒಣ ಉಪ್ಪುಕಾಗದದಲ್ಲಿ ಉಜ್ಜತೊಡಗಿದೆ. ಅದೇ ತಪ್ಪು. ಹಳೇ ಪೇಂಟಲ್ಲಿ ಸೀಸ ಇರಬಹುದು. ನಮ್ಮಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಯಾದದ್ದೇ 2017ರಲ್ಲಿ. ಬಸುರಿ ಇರೋ ಮನೇಲಿ ಆ ಧೂಳು!

ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಟ್ಟಿಲನ್ನು ತಾರಸಿಗೆ ಹೊತ್ತೆ. ಮಾಸ್ಕ್, ಗ್ಲೌಸ್ ಹಾಕಿ ಪೇಂಟ್ ರಿಮೂವರ್ ಬಳಿದರೆ ಅರ್ಧ ಗಂಟೆಗೆ ಪದರ ಹಪ್ಪಳದ ಹಾಗೆ ಉಬ್ಬಿತು. ಕೆರೆದು, ಉಳಿದದ್ದನ್ನು ನೀರು ಹಾಕಿ ಉಜ್ಜಿದೆ. ಅಲುಗಾಡುತ್ತಿದ್ದ ಕೀಲಿಗೆ ಫೆವಿಕಾಲ್. ಒಂದು ಕಡೆ ಕಡ್ಡಿಗಳ ನಡುವಿನ ಸಂದು 8 ಸೆಂ.ಮೀ. ಇತ್ತು, 6 ದಾಟಿದರೆ ಮಗು ಜಾರಿ ತಲೆ ಸಿಕ್ಕಿಕೊಳ್ಳಬಹುದು, ಹಾಗಾಗಿ ಹೊಸ ಕಡ್ಡಿ ಕೂರಿಸಿದೆ. ಕೊನೆಗೆ ಅರಗಿನ ಪಾಲಿಶ್. ಚನ್ನಪಟ್ಟಣದ ಗೊಂಬೆಗೂ ಅರಗೇ ತಾನೇ.

ಖರ್ಚು 1,150 ರೂಪಾಯಿ. ಅತ್ತೆ ಮಾತ್ರ ‘ಹಸಿರೇ ಚೆಂದ ಇತ್ತು’ ಅಂತಾರೆ.