ಹಳೇ ಡ್ರಮ್ಮಿನಿಂದ ಇದ್ದಿಲಿನ ಸ್ಮೋಕರ್

ಸ್ಮೋಕರ್ ಎಂದರೆ ಮಂದ ಶಾಖ, ಹೊಗೆಯಲ್ಲಿ ಮಾಂಸವನ್ನು ತಾಸುಗಟ್ಟಲೆ ಬೇಯಿಸುವ ಮುಚ್ಚಿದ ಒಲೆ. ಅದಕ್ಕಾಗಿ ಬಳ್ಳಾರಿ, ರಾಯಚೂರಿನ ಗುಜರಿ ಅಂಗಡಿಗಳಲ್ಲಿ 200 ಲೀಟರಿನ ಕಬ್ಬಿಣದ ಡ್ರಮ್ಮು ಹುಡುಕುವಾಗ ಅಡುಗೆ ಎಣ್ಣೆಯದನ್ನೇ ಕೇಳಿ. ಹತ್ತಿ, ಮೆಣಸಿನಕಾಯಿಯ ಸೀಮೆಯಿದು, ಕ್ರಿಮಿನಾಶಕದ ಡ್ರಮ್ಮೂ ಗುಜರಿಗೆ ಬಂದಿರುತ್ತದೆ; ಎಷ್ಟು ತೊಳೆದರೂ ಅದು ಬೇಡ. ಸತುವಿನ ಲೇಪದ್ದೂ ಬೇಡ, ಕಾದರೆ ಕೆಟ್ಟ ಹೊಗೆ ಬಿಡುತ್ತದೆ. ಬಳೆ ಹಾಕಿ ಬಿಗಿಯುವ ಮುಚ್ಚಳದ ಡ್ರಮ್ಮಾದರೆ ಕತ್ತರಿಸುವ ಕೆಲಸವೇ ಇಲ್ಲ. ಮುಚ್ಚಳದ ರಬ್ಬರ್ ಮಾತ್ರ ಕಿತ್ತುಹಾಕಿ.

ತಳದಿಂದ 2 ಇಂಚು ಮೇಲೆ, ಸುತ್ತಲೂ ಸಮ ಅಂತರದಲ್ಲಿ ಮುಕ್ಕಾಲು ಇಂಚಿನ 4 ತೂತು ಕೊರೆಯಿರಿ. ಮುಚ್ಚಿ ತೆರೆಯಲು ಪ್ರತಿಯೊಂದಕ್ಕೂ ಒಂದೇ ಬೋಲ್ಟಿನ ಮೇಲೆ ತಿರುಗುವ ತಗಡಿನ ಚೂರು ಕೂರಿಸಿ. ಮುಚ್ಚಳಕ್ಕೆ ಅರ್ಧ ಇಂಚಿನ 8 ತೂತು. ಆಮೇಲೆ ಬಯಲಿನಲ್ಲಿಟ್ಟು ಒಳಗೆ ಕಟ್ಟಿಗೆಯ ಜೋರು ಬೆಂಕಿ ಹಾಕಿ, ಒಳಬಣ್ಣ ಪೂರ್ತಿ ಸುಡುವವರೆಗೆ. ಆ ಹೊಗೆಯಿಂದ ದೂರವಿರಿ. ಆರಿದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ಅಡುಗೆ ಎಣ್ಣೆ ಸವರಿ, 2 ತಾಸು ಖಾಲಿ ಕಾಯಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ತುಕ್ಕು.

ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಸಾಮಾನು ಮಾಡಿಸಿ: 12 ಇಂಚು ಅಗಲ, 8 ಇಂಚು ಎತ್ತರದ, ಇದ್ದಿಲು ತುಂಬುವ ಜಾಳಿಗೆಯ ಬುಟ್ಟಿ, ಬೂದಿ ಉದುರಲು 3 ಇಂಚಿನ ಕಾಲಿರಲಿ; ಮತ್ತೆ ಮಾಂಸ ಇಡಲು 22 ಇಂಚಿನ ದುಂಡು ಜಾಲರಿ. ಜಾಲರಿಗೆ ತಳದಿಂದ 27 ಇಂಚು ಎತ್ತರದಲ್ಲಿ 4 ಬೋಲ್ಟಿನ ಆಸರೆ. ಥರ್ಮಾಮೀಟರ್ ಜಾಲರಿಯ ಮಟ್ಟದಲ್ಲೇ ಇರಲಿ. ಮುಚ್ಚಳದಲ್ಲಿ ಇಟ್ಟರೆ ಮಾಂಸದ ಬಳಿಯ ಶಾಖ ತಿಳಿಯುವುದಿಲ್ಲ.

ಇದ್ದಿಲಿಗೆ ಈ ಕಡೆ ಬರವಿಲ್ಲ, ಬಳ್ಳಾರಿ ಜಾಲಿಯದೇ ಸಾಕು. ಬುಟ್ಟಿಗೆ 3 ಕಿಲೋ ಹಿಡಿಯುತ್ತದೆ. ಎಲ್ಲವನ್ನೂ ಹೊತ್ತಿಸಬೇಡಿ, ಅಲ್ಲೇ ಜನ ಕೆಡುವುದು. ಹತ್ತು ಹನ್ನೆರಡು ಕೆಂಡ ಮಾತ್ರ ಮೇಲಿಡಿ, ಉರಿ ಮೆಲ್ಲಗೆ ಕೆಳಗಿಳಿಯಲಿ. ಜೊತೆಗೆ ಒಣಗಿದ ಮಾವು ಅಥವಾ ಪೇರಲದ ಮುಷ್ಟಿ ಗಾತ್ರದ 3 ತುಂಡು. ಬೇವು, ಪ್ಲೈವುಡ್, ಬಣ್ಣದ ಕಟ್ಟಿಗೆ ಹತ್ತಿರಕ್ಕೂ ಬೇಡ.

ಶಾಖ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರಲಿ. ಹಿಡಿತವೆಲ್ಲ ಕೆಳಗಿನ ತೂತುಗಳಲ್ಲಿದೆ. ಮೇಲಿನವು ಸದಾ ತೆರೆದೇ ಇರಬೇಕು, ಮುಚ್ಚಿದರೆ ಹೊಗೆ ಕಟ್ಟಿಕೊಂಡು ಮಾಂಸ ಕಹಿಯಾಗುತ್ತದೆ. 100 ದಾಟುವ ಮುಂಚೆಯೇ ಎರಡು ತೂತು ಮುಚ್ಚಿ, ಏರಿದ ಶಾಖ ಇಳಿಸುವುದು ಕಷ್ಟ. ಬಿಳಿ ದಟ್ಟ ಹೊಗೆ ಹೋಗಿ ತೆಳು ನೀಲಿ ಬಂದ ಮೇಲೆಯೇ ಮಾಂಸ ಇಡಿ. ಮುಚ್ಚಳ ಎತ್ತಿ ಎತ್ತಿ ನೋಡಿದರೆ ಗಾಳಿ ನುಗ್ಗಿ ಉರಿ ಏಳುತ್ತದೆ. ಡ್ರಮ್ಮನ್ನು ನೆರಳಲ್ಲಿಡಿ, ರಾಯಚೂರಿನ ಏಪ್ರಿಲ್ ಬಿಸಿಲೂ ತಗಡನ್ನು ಕಾಯಿಸುತ್ತದೆ.

ಒಂದೂವರೆ ಕಿಲೋದ ಆಡಿನ ಮುಂಗಾಲಿಗೆ ಕೊಬ್ಬು ಕಮ್ಮಿ, ಎಣ್ಣೆ ಸವರಿ ಇಡಿ. ನಾಲ್ಕೈದು ತಾಸಿಗೆ ಮಾಂಸದ ಒಳಗಿನ ಶಾಖ 90 ಮುಟ್ಟುತ್ತದೆ. ನಡುವೆ 70ರ ಆಸುಪಾಸಿನಲ್ಲಿ ನಿಂತುಬಿಟ್ಟಂತೆ ಕಂಡರೆ ಉರಿ ಹೆಚ್ಚಿಸಬೇಡಿ, ಮಾಂಸದ ನೀರು ಆವಿಯಾಗುತ್ತಿದೆ ಅಷ್ಟೆ. ಕೋಳಿಗೆ ಡ್ರಮ್ಮು 150 ಇರಲಿ, ಇಲ್ಲವಾದರೆ ತೊಗಲು ರಬ್ಬರಾಗುತ್ತದೆ. ದಪ್ಪ ಭಾಗದ ಒಳಗೆ 75 ಬಂದರೆ ಬೆಂದಿದೆ.

ಹೊಗೆ ಹಿಡಿದಿದೆಯೆಂದು ಒಣಖಂಡದಂತೆ ನೇತುಹಾಕಬೇಡಿ. ಇದು ಬೆಂದ ಮಾಂಸವೇ. 2 ತಾಸಿನೊಳಗೆ ತಿನ್ನಿ, ಉಳಿದಿದ್ದು ಫ್ರಿಜ್ಜಿಗೆ.