ವಾರ್ಡಿನ ವೇಳಾಪಟ್ಟಿಗೆ ಹೊಂದಿಕೊಂಡ ಕ್ರಿಸ್ಮಸ್

ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಎಂದರೆ ಅರೇಬಿಕಾ ಕಾಫಿಯ ಕೊಯ್ಲಿನ ಕಾಲ. ನಾನು ಶುಶ್ರೂಷಾಧಿಕಾರಿಯಾಗಿರುವ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಮೂಡಿಗೆರೆ, ಕಳಸ, ಆಲ್ದೂರು ಕಡೆಯ ತೋಟದ ಕಾರ್ಮಿಕರು, ಚಳಿಗೆ ಉಬ್ಬಸ ಹೆಚ್ಚಾದ ವೃದ್ಧರು, ಬಾಣಂತಿಯರು ದಾಖಲಾಗಿರುತ್ತಾರೆ. ಅವರಲ್ಲಿ ಕ್ರೈಸ್ತರು ಕೆಲವರೇ. ಹಬ್ಬದ ದಿನ ಮನೆಗೆ ಹೋಗಲಾಗದವರ ಸಂಜೆಯೊಂದನ್ನು ಹಗುರಗೊಳಿಸುವುದೇ ನಮ್ಮ ಉದ್ದೇಶವಾದ್ದರಿಂದ ಪ್ರವಚನ, ಪ್ರಾರ್ಥನಾ ಪತ್ರಿಕೆಗಳಿಗೆ ಇಲ್ಲಿ ಅವಕಾಶವಿಲ್ಲವೆಂದು ನಮ್ಮ ತಂಡ ಆರಂಭದಲ್ಲಿಯೇ ತೀರ್ಮಾನಿಸಿತು.

ಸಿದ್ಧತೆಯ ಮೊದಲ ಕೆಲಸ 24ರ ರಾತ್ರಿಯ ಡ್ಯೂಟಿ ಪಟ್ಟಿ. ಚರ್ಚಿನಲ್ಲಿ ನಡೆಯುವ ನಡುರಾತ್ರಿಯ ಬಲಿಪೂಜೆಗೆ, ಅಂದರೆ ಹಬ್ಬದ ಆರಾಧನೆಗೆ, ಹೋಗಬಯಸುವ ಸಹೋದ್ಯೋಗಿಗಳ ಪಾಳಿಯನ್ನು ಬೇರೆ ಧರ್ಮದವರು ವಹಿಸಿಕೊಳ್ಳುತ್ತಾರೆ. ಯುಗಾದಿ, ದೀಪಾವಳಿ, ರಂಜಾನ್ ಬಂದಾಗ ನಾವು ಅವರ ಪಾಳಿಗೆ ನಿಲ್ಲುತ್ತೇವೆ. ಈ ಹೊಂದಾಣಿಕೆ ಇಲ್ಲದೆ ಎಷ್ಟೇ ದೀಪ ಕಟ್ಟಿದರೂ ಸಿಬ್ಬಂದಿಗೆ ಅದು ಹಬ್ಬವಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಲಂಕಾರದ ವಿಷಯದಲ್ಲಿ ಏನನ್ನು ತರಬಾರದು ಎಂಬ ಯೋಚನೆಗೇ ಹೆಚ್ಚು ಸಮಯ ಹಿಡಿಯುತ್ತದೆ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಅದು ಹೆಚ್ಚಿರುವೆಡೆ ಬಟ್ಟೆ, ಕೂದಲು, ಕಾಗದ ಎಲ್ಲವೂ ಬಹುಬೇಗ ಹೊತ್ತಿ ತೀವ್ರವಾಗಿ ಉರಿಯುವುದರಿಂದ ಮೇಣದಬತ್ತಿಯನ್ನು ವಾರ್ಡಿನ ಬಾಗಿಲಿನಿಂದ ಒಳಗೆ ಬಿಡುವುದಿಲ್ಲ. ಒಣಹುಲ್ಲಿನಲ್ಲಿ ಧೂಳಿನೊಂದಿಗೆ ಶಿಲೀಂಧ್ರದ ಕಣಗಳೂ ಇರುತ್ತವೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅವು ಅಪಾಯಕಾರಿ. ಆದ್ದರಿಂದ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನು ಪ್ರವೇಶದ್ವಾರದ ಬಳಿ, ಒರೆಸಿ ಸ್ವಚ್ಛಗೊಳಿಸಬಹುದಾದ ಹಲಗೆ ಮತ್ತು ಬಟ್ಟೆಯಿಂದ ಕಟ್ಟುತ್ತೇವೆ. ರಬ್ಬರ್ ಬಲೂನುಗಳು ಕೆಲವರಿಗೆ ಅಲರ್ಜಿ ಉಂಟುಮಾಡುವುದರಿಂದ ಅವುಗಳ ಬದಲು ಮಕ್ಕಳೇ ಕತ್ತರಿಸಿದ ಬಣ್ಣದ ಕಾಗದದ ನಕ್ಷತ್ರಗಳು ಬಂದಿವೆ. ದೀಪದ ಸರಗಳನ್ನು ಹಾಸಿಗೆಯ ಪಕ್ಕದ ಪ್ಲಗ್ಗುಗಳಿಗೆ ಸಿಕ್ಕಿಸುವಂತಿಲ್ಲ, ಅವು ಸಕ್ಷನ್ ಮತ್ತು ಮಾನಿಟರ್ ಯಂತ್ರಗಳಿಗೇ ಮೀಸಲು.

ಕ್ಯಾರಲ್ ತಂಡ ಬರುವುದು ಸಂಜೆ ನಾಲ್ಕರ ನಂತರ, ಔಷಧಿಯ ಸುತ್ತು ಮುಗಿದ ಮೇಲೆ ಮತ್ತು ಪಾಳಿ ಬದಲಾಗುವುದಕ್ಕೆ ಸಾಕಷ್ಟು ಮೊದಲು. ಕೆಮ್ಮು, ನೆಗಡಿ ಇರುವ ಗಾಯಕರು ಆ ವರ್ಷ ಮನೆಯಲ್ಲಿಯೇ ಉಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯ ಪ್ರಕಾರ ರಾತ್ರಿ ವಾರ್ಡಿನೊಳಗಿನ ಸರಾಸರಿ ಸದ್ದು 30 ಡೆಸಿಬಲ್ ಮೀರಬಾರದು, ಅಂದರೆ ಹೆಚ್ಚುಕಡಿಮೆ ಪಿಸುಮಾತಿನಷ್ಟು. ಹಗಲಿನಲ್ಲಿಯೂ ಡೋಲು, ಮೈಕುಗಳನ್ನು ನಾವು ಒಪ್ಪುವುದಿಲ್ಲ. ಒಂದು ಗಿಟಾರ್, ನಾಲ್ಕೈದು ದನಿಗಳು ಸಾಕು. ತೀವ್ರ ನಿಗಾ ಘಟಕ ಮತ್ತು ನವಜಾತ ಶಿಶುಗಳ ಘಟಕದ ಕಡೆಗೆ ತಂಡ ಹೋಗುವುದೇ ಇಲ್ಲ.

ಹಾಡುವುದಕ್ಕೆ ಮುನ್ನ ಪ್ರತಿಯೊಂದು ಹಾಸಿಗೆಯ ಬಳಿ ಹೋಗಿ ಒಪ್ಪಿಗೆ ಕೇಳುವುದು ನನ್ನ ಕೆಲಸ. ಒಮ್ಮೆ ಸೊಂಟದ ಮೂಳೆ ಮುರಿದು ಮಲಗಿದ್ದ ಅಜ್ಜಿಯೊಬ್ಬರನ್ನು, "ಅಜ್ಜಿ, ಒಂದು ಹಾಡು ಹೇಳಿಸಲಾ?" ಎಂದು ಕೇಳಿದೆ. "ಹಾಡು ಬೇಡ ಸಿಸ್ಟರಮ್ಮ, ನನ್ನ ಮಗಳಿಗೊಂದು ಫೋನ್ ಮಾಡ್ಕೊಡು" ಎಂದರು. ಅಂದಿನಿಂದ ತಂಡದಲ್ಲಿ ಒಬ್ಬರು ಹಾಡದೆ ಫೋನ್ ಹಿಡಿದು ಬರುತ್ತಾರೆ, ಕೇಳಿದವರಿಗೆ ಮನೆಯವರ ಮುಖವನ್ನು ವಿಡಿಯೊ ಕರೆಯಲ್ಲಿ ತೋರಿಸುತ್ತಾರೆ. ಹಾಡಿಗಿಂತ ಈ ಕರೆಗೇ ಈಗ ಬೇಡಿಕೆ ಹೆಚ್ಚು. ರೋಗಿಗಳ ಫೋಟೊ ತೆಗೆಯುವುದಕ್ಕೆ ಮಾತ್ರ ಯಾರಿಗೂ ಅನುಮತಿ ಇಲ್ಲ.

ತಿನಿಸಿನ ವಿಷಯ ಇನ್ನೂ ಸೂಕ್ಷ್ಮ. ಕುಸ್ವಾರ್, ಅಂದರೆ ಹಬ್ಬಕ್ಕೆಂದೇ ಮಾಡುವ ಬಗೆಬಗೆಯ ತಿಂಡಿಗಳು, ಇಲ್ಲದ ಕ್ರಿಸ್ಮಸ್ ನಮ್ಮ ಮನೆಗಳಲ್ಲಿ ಊಹಿಸಲಾಗದ್ದು. ಆದರೆ ವಾರ್ಡಿನಲ್ಲಿ ಮಧುಮೇಹಿಗಳಿರುತ್ತಾರೆ, ಮರುದಿನದ ಶಸ್ತ್ರಚಿಕಿತ್ಸೆಗೆ ಉಪವಾಸವಿರುವವರಿರುತ್ತಾರೆ, ಪೊಟ್ಯಾಸಿಯಂ ಮಿತಿಯಿರುವ ಡಯಾಲಿಸಿಸ್ ರೋಗಿಗಳಿಗೆ ಒಂದು ಕಿತ್ತಳೆ ಹಣ್ಣನ್ನೂ ಕೇಳದೆ ಕೊಡುವಂತಿಲ್ಲ. ಆದ್ದರಿಂದ ರೋಗಿಗಳಿಗೆಲ್ಲ ಉಣ್ಣೆಯ ಟೋಪಿ, ಕಾಲುಚೀಲ, ಸೋಪು, ಬಾಚಣಿಗೆ ಇರುವ ಒಂದೇ ಬಗೆಯ ಚೀಲವನ್ನು ಕೊಟ್ಟು, ತಿನಿಸನ್ನು ವೈದ್ಯರು ಗುರುತಿಸಿದವರಿಗಷ್ಟೇ ಹಂಚುತ್ತೇವೆ. ಕೇಕನ್ನು ಮೊಟ್ಟೆಯಿಲ್ಲದೆ ಮಾಡಿಸುತ್ತೇವೆ. ವರಾಂಡದಲ್ಲಿ ಚಾಪೆ ಹಾಸಿ ಚಳಿಯಲ್ಲಿ ರಾತ್ರಿ ಕಳೆಯುವ ರೋಗಿಗಳ ಕಡೆಯವರಿಗೆ ಬಿಸಿ ಕಾಫಿ ಮತ್ತು ಬನ್ನು ಹೋಗುತ್ತದೆ. ಅವರನ್ನು ಬಿಟ್ಟು ಮಾಡಿದ ಸಂಭ್ರಮ ನನಗೆ ಅಪೂರ್ಣವೆನಿಸುತ್ತದೆ.

ಸಂಜೆ ಕತ್ತರಿಸಿದ ಕೇಕು ಸಾಮಾನ್ಯವಾಗಿ ಸಂಜೆಯ ಪಾಳಿಯವರಲ್ಲಿಯೇ ಮುಗಿದುಹೋಗುತ್ತದೆ. ಆದಕಾರಣ ರಾತ್ರಿಯ ದಾದಿಯರು, ಪ್ರಯೋಗಾಲಯ, ಔಷಧಾಲಯ, ಆಂಬುಲೆನ್ಸ್ ಚಾಲಕರು, ಸ್ವಚ್ಛತಾ ಸಿಬ್ಬಂದಿ, ಬಟ್ಟೆ ಒಗೆಯುವವರು, ಶವಾಗಾರದವರು, ಹೀಗೆ ಎಲ್ಲರ ಪಾಲನ್ನೂ ಹೆಸರು ಬರೆದು ಮೊದಲೇ ಎತ್ತಿಟ್ಟು, ಅವರವರ ಕೆಲಸದ ಸ್ಥಳಕ್ಕೇ ನಾವು ತಲುಪಿಸುತ್ತೇವೆ. ಶವಾಗಾರದ ಬಾಗಿಲಿಗೆ ನಾನೇ ಹೋಗುತ್ತೇನೆ, ಏಕೆಂದರೆ ಯಾವ ಹಬ್ಬದಲ್ಲಿಯೂ ಆ ಕಡೆ ಯಾರೂ ಸುಳಿಯುವುದಿಲ್ಲ.

ಶಿಶು ಯೇಸುವನ್ನು ಕಾಣಲು ಮೂವರು ಜ್ಞಾನಿಗಳು ಬಂದುದನ್ನು ನೆನೆಯುವ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಕಾಯದೆ, ಹೊಸ ವರ್ಷದ ಮರುದಿನವೇ ವಾರ್ಡುಗಳ ಅಲಂಕಾರವನ್ನು ಧೂಳು ಕೂರುವ ಮೊದಲು ತೆಗೆದು, ಕಾಗದದ ನಕ್ಷತ್ರಗಳನ್ನು ಬೇಕೆಂದು ಕೇಳಿದ ಮಕ್ಕಳ ಕೈಗೆ ಕೊಟ್ಟು ಕಳುಹಿಸುತ್ತೇವೆ.